ಬ್ರೇಕ್ ಅಕ್ಕನ ಬಲ ಮಂಡಿ

ನನಗೆ ಕಾರು ಓಡಿಸುವುದನ್ನು ಕಲಿಸಿದವಳು ಬ್ರೇಕ್ ಅಕ್ಕ. ಕಲಿಸುವುದರಲ್ಲಿ ಅವಳು ಏನೂ ಕಡಿಮೆ ಮಾಡಲಿಲ್ಲ. ನಾನು ಕಲಿಯಲಿಲ್ಲ, ಅಷ್ಟೇ. ಮೂರು ಸಲ ಪರೀಕ್ಷೆಗೆ ಹೋದೆ, ಮೂರು ಸಲವೂ ರಿವರ್ಸ್ ತೆಗೆದುಕೊಳ್ಳುವಾಗ ಅದೇ ಕಂಬವನ್ನು ಮುಟ್ಟಿ ಬಂದೆ. ಮೂರನೆಯ ಸಲ ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಕಂಬದ ಹತ್ತಿರ ಹೋದರು.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಅಕ್ಕನ ಬಲಗಾಲು ಇಪ್ಪತ್ತು ಚಿಲ್ಲರೆ ವರ್ಷ ಅದರ ಮೇಲೆಯೇ ಇತ್ತು. ನಮ್ಮೂರಿನಲ್ಲಿ ಕಾರು ಓಡಿಸುವ ಅರ್ಧ ಜನ ಬದುಕಿರುವುದು ಆ ಕಾಲಿನ ದಯೆಯಿಂದ. ಉಳಿದರ್ಧ ಜನ ರಸ್ತೆಯಲ್ಲಿ ನಡೆದುಕೊಂಡು ಹೋಗುವವರು. ಅವರು ಬದುಕಿರುವುದೂ ಅದರ ದಯೆಯಿಂದಲೇ. ಕಾರಿನಿಂದ ಇಳಿದ ಮೇಲೂ ಆ ಕಾಲು ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತಾಗ, ನನ್ನ ಸ್ಕೂಟರಿನ ಹಿಂದೆ ಕೂತಾಗ, ಕಡೆಗೆ ಸೋಫಾದಲ್ಲಿ ಟೀವಿ ನೋಡುವಾಗ ಯಾವನೋ ಕಾರನ್ನು ಅಡ್ಡಾದಿಡ್ಡಿ ಓಡಿಸಿದರೂ ಅವಳ ಬಲಗಾಲು ನೆಲವನ್ನು ಒತ್ತಿ ಹಿಡಿಯುತ್ತಿತ್ತು.

"ಅದಕ್ಕೆ ರಜೆ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ ಕಣಯ್ಯ," ಎನ್ನುತ್ತಿದ್ದಳು.

ಆ ಕಾಲಿನ ಮಂಡಿ ಸವೆದುಹೋಗಿತ್ತು. ಬದಲಾಯಿಸಬೇಕು, ಬೇರೆ ದಾರಿ ಇಲ್ಲ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಮನೆಯಲ್ಲಿದ್ದವರು ಇಬ್ಬರು ಗಂಡಸರು, ಇಬ್ಬರೂ ಮಾಡಿಸೋಣ ಎಂದೇ ಹೇಳುತ್ತಿದ್ದರು. ತೊಂದರೆ ಇದ್ದದ್ದು ಅಲ್ಲೇ.

ಅವರದು ನಮ್ಮ ಪಕ್ಕದ ಮನೆ. ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ನಾನು ಕದ್ದು ಕೇಳುವವನಲ್ಲ. ಆದರೆ ಕಿವಿಗೆ ಹತ್ತಿ ಇಟ್ಟುಕೊಳ್ಳುವವನೂ ಅಲ್ಲ.

ಕೆಳಗಿನ ಮನೆಯಲ್ಲಿ ಅಕ್ಕನ ಗಂಡ. ಕನ್ನಡಕದ ಅಂಗಡಿ ಇಟ್ಟಿದ್ದರು. ದಿನವಿಡೀ ಊರಿನವರ ಕಣ್ಣು ಅಳೆಯುತ್ತಿದ್ದ ಈ ಭಾವ ತಮ್ಮ ಶೇರುಗಳನ್ನು ಮಾತ್ರ ಕಣ್ಣೆತ್ತಿ ನೋಡುತ್ತಿರಲಿಲ್ಲ. "ಕೊಳ್ಬೇಕು, ಮರೀಬೇಕು," ಎನ್ನುವುದೊಂದೇ ಅವರ ಮಂತ್ರ. ಮನೆಖರ್ಚು ಅಂಗಡಿಯಿಂದ, ಅಕ್ಕನ ಸಂಬಳ ತಿಂಗಳು ತಿಂಗಳೂ ಪೇಂಟ್ ಕಂಪನಿ, ಬ್ಯಾಟರಿ ಕಂಪನಿ, ಸೋಪಿನ ಕಂಪನಿಗಳಿಗೆ. ಬೇರೆಯವರು ನಾನು ಹೆಂಡ ಮುಟ್ಟಿದವನಲ್ಲ ಎಂದು ಎದೆ ಉಬ್ಬಿಸುವಂತೆ ಇವರು, "ಜೀವನದಲ್ಲಿ ಒಂದೇ ಒಂದು ಶೇರು ಮಾರಿದೋನಲ್ಲ ನಾನು," ಎನ್ನುತ್ತಿದ್ದರು.

ಮೇಲಿನ ಕೋಣೆಯಲ್ಲಿ ಅವರ ತಮ್ಮ. ಟೈಲ್ಸ್ ಅಂಗಡಿಯ ಲೆಕ್ಕ ಬರೆಯುವ ಕೆಲಸ ಬಿಟ್ಟು, ಮೂರು ಪರದೆ ಜೋಡಿಸಿಕೊಂಡು, ಬೆಳಿಗ್ಗೆ ಕೊಂಡದ್ದನ್ನು ಮಧ್ಯಾಹ್ನದೊಳಗೆ ಮಾರಿ ಬದುಕುತ್ತೇನೆಂದು ಕೂತವನು. "ಒಂದು ರಾತ್ರಿ ಕೂಡ ಶೇರು ಇಟ್ಕೊಂಡು ಮಲಗಲ್ಲ ನಾನು," ಎನ್ನುವುದು ಇವನ ಹೆಮ್ಮೆ. ಲಾಭವಾದ ದಿನ ಮನೆಗೆಲ್ಲ ಐಸ್‌ಕ್ರೀಮ್ ತರುತ್ತಿದ್ದ. ನಷ್ಟವಾದ ದಿನ ನೆಟ್‌ವರ್ಕ್ ಸರಿ ಇರಲಿಲ್ಲ ಎನ್ನುತ್ತಿದ್ದ. ನಮ್ಮೂರಿನ ನೆಟ್‌ವರ್ಕ್ ಅಷ್ಟೊಂದು ಕೆಟ್ಟದ್ದೆಂದು ನನಗೆ ಅವನಿಂದಲೇ ತಿಳಿದದ್ದು.

ಅಣ್ಣ ತಮ್ಮ ನೇರವಾಗಿ ಮಾತಾಡಿಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಕ್ಲಾಸಿಗೆ ಹೋಗುವ ಮುಂಚೆ ಮತ್ತು ಮಧ್ಯಾಹ್ನ ಬಂದ ಮೇಲೆ ಅಕ್ಕ ಮೇಲಕ್ಕೆ ಕಾಫಿ ಒಯ್ಯುವಾಗ ಲೋಟದ ಜೊತೆ ಮಾತುಗಳನ್ನೂ ಒಯ್ಯುತ್ತಿದ್ದಳು.

"ಜೂಜುಕೋರನಿಗೆ ಸಕ್ಕರೆ ಬೇಕಾ ಕೇಳು," ಎಂದು ಕೆಳಗಿನಿಂದ ಅಣ್ಣ.

"ಮ್ಯೂಸಿಯಂನವರಿಗೆ ಹೇಳಿ ಅತ್ತಿಗೆ, ಧೂಳು ಒರೆಸ್ಕೊಳ್ಳಿ ಅಂತ," ಎಂದು ಮೇಲಿನಿಂದ ತಮ್ಮ.

ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ನನ್ನ ಹತ್ತಿರವೂ ಒಂದು ಕಂಪನಿಯ ಶೇರುಗಳಿವೆ. ತಮ್ಮನ ಮಾತು ಕೇಳಿ ಬೆಳಿಗ್ಗೆ ಕೊಂಡೆ, ಸಂಜೆಗೆ ಬಿದ್ದುಹೋಗಿತ್ತು. ಆಮೇಲೆ ಅಣ್ಣನ ಮಾತು ಕೇಳಿ ಇಟ್ಟುಕೊಂಡೆ.

ಮಂಡಿಯ ವಿಷಯಕ್ಕೂ ಇದೇ ಕಥೆ. "ಬ್ಯಾಟರಿ ಕಂಪನಿ ಈಗಷ್ಟೇ ಏಳ್ತಾ ಇದೆ, ಇನ್ನೊಂದು ವರ್ಷ ತಡಿ, ಎರಡು ಮಂಡೀನೂ ಮಾಡ್ಸೋಣ," ಎಂದು ಗಂಡ. "ಒಂದು ಒಳ್ಳೆ ವಾರ ಸಿಗ್ಲಿ ಅತ್ತಿಗೆ, ನಾನೇ ಮಾಡಿಸ್ತೀನಿ," ಎಂದು ಮೈದುನ. ಕೆಟ್ಟಿರುವುದು ಒಂದೇ ಮಂಡಿ ಎಂದು ಅಕ್ಕ ಗಂಡನಿಗೆ ನೆನಪಿಸಿದರೆ, "ನೀನು ಮುಂದಾಲೋಚನೆ ಮಾಡೋದೇ ಇಲ್ಲ," ಎಂದು ಬೈಯುತ್ತಿದ್ದರು.

ಒಂದು ಮಧ್ಯಾಹ್ನ ನಾಲ್ಕನೆಯ ಪ್ರಯತ್ನಕ್ಕೆ ಫೀಸು ಕಟ್ಟಲು ನಾನು ಅವರ ಮನೆಗೆ ಹೋಗಿದ್ದೆ. ಅಕ್ಕ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ಮೇಲಿನಿಂದ ಮನೆ ಅದುರುವಂಥ ಕೂಗು ಬಂತು.

"ಅತ್ತಿಗೇ! ಬನ್ನಿ ಮೇಲೆ! ನಿಮ್ಮ ಮಂಡಿ ಬಂತು!"

"ಬಂದಿದ್ರೆ ಕೆಳಗೆ ಕಳ್ಸಪ್ಪ."

"ತಮಾಷೆ ಅಲ್ಲ ಅತ್ತಿಗೆ! ಆಪರೇಷನ್ ದುಡ್ಡು ಪೂರ್ತಿ, ಆಸ್ಪತ್ರೆ ರೂಮಿಂದೂ ಸೇರಿ, ಇಲ್ಲಿ ಪರದೆ ಮೇಲೆ ಕೂತಿದೆ. ಬಂದು ಕಣ್ಣಾರೆ ನೋಡಿ, ಆಮೇಲೆ ಮಾರ್ತೀನಿ."

"ಮೊದ್ಲು ಮಾರೋ. ಆಮೇಲೆ ನೋಡ್ತೀನಿ."

"ಮಾರಿದ್ಮೇಲೆ ಏನಿರತ್ತೆ ಅತ್ತಿಗೆ, ಬರೀ ಅಂಕಿ! ಈಗ ಹಸಿರಾಗಿ ಮಿನುಗ್ತಾ ಇದೆ. ಇಷ್ಟು ವರ್ಷ ಆಡ್ಕೊಂಡ್ರಲ್ಲ, ನೋಡಿ ಒಂದ್ಸಲ!"

ಅಕ್ಕ ನನ್ನ ಮುಖ ನೋಡಿದಳು. ಅವಳು ಆಸೆಪಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಚೀಲ ಪಕ್ಕಕ್ಕಿಟ್ಟು ಎದ್ದಳು. ಒಳ್ಳೆಯ ಕಾಲು ಮೊದಲು, ಆಮೇಲೆ ಕೆಟ್ಟ ಕಾಲನ್ನು ಎಳೆದು ಅದರ ಪಕ್ಕಕ್ಕೆ. ಮತ್ತೆ ಒಳ್ಳೆಯ ಕಾಲು. ಮಗು ಮೆಟ್ಟಿಲು ಹತ್ತುವಂತೆ. ನಾನು ಹಿಂದೆ. ಕಿರಿದಾದ ಮೆಟ್ಟಿಲು, ದಾಟಿ ಮುಂದೆ ಹೋಗಲು ಜಾಗವಿರಲಿಲ್ಲ.

"ಇನ್ನೂ ಏರ್ತಾ ಇದೆ ಅತ್ತಿಗೆ! ಫಿಸಿಯೋಥೆರಪಿದೂ ಬಂತು!" ಎಂದು ಮೇಲಿನಿಂದ ಕೂಗಿದ.

ಅಕ್ಕ ಕಂಬಿ ಹಿಡಿದು ನಿಂತು ಉಸಿರೆಳೆದುಕೊಂಡು ನಕ್ಕಳು. ಮತ್ತೆರಡು ಮೆಟ್ಟಿಲು.

"ಬನ್ನಿ, ಬನ್ನಿ, ಬೇಗ."

ಮತ್ತೊಂದು ಮೆಟ್ಟಿಲು. ಆಮೇಲೆ ಮೇಲಿನಿಂದ ಸದ್ದೇ ಇಲ್ಲ.

ನಾವು ಕೋಣೆಗೆ ಕಾಲಿಟ್ಟಾಗ ಅವನು ಎರಡೂ ಕೈ ತಲೆಯ ಮೇಲೆ ಹೊತ್ತು ಕೂತಿದ್ದ. ಮೂರೂ ಪರದೆ ಕೆಂಪಗಿದ್ದವು. ಅಕ್ಕನಿಗೆ ಶೇರಿನ ವಿಷಯ ತಿಳಿಯದಿದ್ದರೂ ಕೆಂಪು ದೀಪವೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು.

"ಛೇ, ಅತ್ತಿಗೆ," ಎಂದ ಅವನು, ಅಳುವ ದನಿಯಲ್ಲಿ. "ಸ್ವಲ್ಪ ಬೇಗ ಹತ್ತಿದ್ರೆ..."

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬೈಯುತ್ತಾಳೆಂದು ನಾನು ಕಾದೆ. ಅವಳು ಮೇಜಿನ ಕಡೆ ಕೈ ಚಾಚಿದಳು.

"ಬೆಳಗಿನ ಕಾಫಿ ಲೋಟ ಕೊಡು. ಹೆಂಗೂ ಇಳೀತೀನಲ್ಲ."

ಅವತ್ತು ಸಂಜೆ ಐಸ್‌ಕ್ರೀಮ್ ತಂದವರು ಅಣ್ಣ. ತಮ್ಮನ ನಷ್ಟದ ಖುಷಿಗೆ. ರಾತ್ರಿಯ ಊಟದ ಹೊತ್ತಿಗೆ ಗೋಡೆ ನನಗೆ ಉಳಿದದ್ದನ್ನು ಹೇಳಿತು.

"ಅವನದು ಹೋಯ್ತು, ಸರಿ. ನಿಮ್ದು ಎಷ್ಟಿದೆ ನೋಡಿ."

"ನೋಡ್ಬಾರದು ಕಣೆ. ನೋಡಿದ್ರೆ ಮನಸ್ಸು ಚಂಚಲ ಆಗತ್ತೆ."

"ನೋಡ್ರೀ."

ಪಾಸ್‌ವರ್ಡ್ ಮರೆತುಹೋಗಿತ್ತು. ಹೊಸದು ಮಾಡಿಕೊಳ್ಳುವುದರೊಳಗೆ ನನ್ನ ಊಟ ಮುಗಿದಿತ್ತು. ಆಮೇಲೆ ಭಾವನ ಬಾಯಿಂದ ಒಂದು ಉದ್ಗಾರ. ಎರಡು ಮಂಡಿಯಲ್ಲ, ನಮ್ಮ ಬೀದಿಯಲ್ಲಿ ಕುಂಟುವವರಿಗೆಲ್ಲ ಹೊಸ ಮಂಡಿ ಹಾಕಿಸುವಷ್ಟು ಇತ್ತಂತೆ.

"ನೋಡಿದ್ಯಾ!" ಎಂದರು ಭಾವ. "ನೀನು ಮಂಡಿ ಮಂಡಿ ಅಂದಾಗೆಲ್ಲ ಮಾರಿದ್ರೆ ಇಷ್ಟಾಗ್ತಿತ್ತಾ?"

"ಇಷ್ಟಾಗಿರೋದು ಯಾರಿಗೆ?"

"ಮುಂದಕ್ಕೆ."

"ಮುಂದಕ್ಕೆ ಹೋಗೋಕೆ ಕಾಲು ಬೇಕಲ್ರೀ."

"ಓಡ್ತಿರೋ ಕುದುರೆಯಿಂದ ಯಾರಾದ್ರೂ ಇಳೀತಾರೇನೆ? ಮಲ್ಕೋ."

ಅದಾಗಿ ತಿಂಗಳೊಪ್ಪತ್ತು ಕಳೆದಿರಬೇಕು. ಕಾರಿನ ಹಿಂದಿನ ಸೀಟಿನಲ್ಲಿ ನಾನು ನನ್ನ ಸರದಿಗೆ ಕಾಯುತ್ತಿದ್ದೆ. ಸ್ಟೀರಿಂಗ್ ಹಿಡಿದವರು ಔಷಧಿ ಅಂಗಡಿಯವರು. ತಿರುವಿನಲ್ಲಿ ಹಾಲಿನವನ ಸೈಕಲ್ ಕಂಡೊಡನೆ ಎಲ್ಲ ಶಿಷ್ಯರಂತೆ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತುಳಿದರು. ನನಗೇನೂ ಭಯವಾಗಲಿಲ್ಲ. ಅಕ್ಕನ ಕಾಲಿದೆಯಲ್ಲ. ಅಕ್ಕ "ಅಮ್ಮಾ" ಎಂದಳು. ಕಾಲು ಬ್ರೇಕ್ ಒತ್ತಿತು, ಆದರೆ ತಡವಾಗಿ ಒತ್ತಿತು.

ಹಾಲಿನವನು ಚರಂಡಿಯಿಂದ ತಾನೇ ಎದ್ದು ಬಂದು ನಮ್ಮ ಮೂವರ ವಂಶವನ್ನೂ ಬೈದ. ಬೈಯುವಷ್ಟು ಗಟ್ಟಿಯಾಗಿದ್ದನಲ್ಲ ಎಂದು ಸಮಾಧಾನವಾಯಿತು. ರಸ್ತೆ ತುಂಬ ಹಾಲು. ಅಕ್ಕ ಕಾರಿನಿಂದ ಇಳಿಯಲೇ ಇಲ್ಲ. ತನ್ನ ಬಲ ಮಂಡಿಯನ್ನು ಪರೀಕ್ಷೆಯಲ್ಲಿ ಫೇಲಾದ ಶಿಷ್ಯನನ್ನು ನೋಡುವಂತೆ ನೋಡುತ್ತಾ ಕೂತಿದ್ದಳು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು.

ಸ್ಕೂಲಿನ ಮಾಲೀಕರು ಒಳ್ಳೆಯವರು. ಇಷ್ಟು ವರ್ಷದ ಕೆಲಸಕ್ಕೆಂದು ಒಂದು ಚೆಕ್ ಬರೆದುಕೊಟ್ಟರು. "ಇದ್ರಲ್ಲಿ ಮೊದ್ಲು ಕಾಲು ಸರಿ ಮಾಡಿಸ್ಕೊಳಿ ಅಕ್ಕ. ಬೇಸಿಗೆ ಬ್ಯಾಚ್ ಶುರುವಾಗೋದ್ರೊಳಗೆ ಬಂದ್ರೆ ಸೀಟು ನಿಮ್ದೇ. ಅಷ್ಟರೊಳಗೆ ಬರ್ಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ಕೋಬೇಕಾಗತ್ತೆ." ಅಕ್ಕ ಅಂದೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಕೇಳಿದಳು. ಚೆಕ್ಕನ್ನು ಗಂಡ ಹೆಂಡತಿಯ ಜಂಟಿ ಖಾತೆಗೆ ಹಾಕಿದರು. ಅವಳಿಗಿದ್ದದ್ದು ಅದೊಂದೇ ಖಾತೆ.

ಸೇಬು ತೆಗೆದುಕೊಂಡು ನೋಡಲು ಹೋದ ದಿನ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಣ್ಣ ತಮ್ಮ ಒಂದೇ ಸೋಫಾದಲ್ಲಿ, ಒಂದೇ ಫೋನಿನ ಮೇಲೆ ಬಗ್ಗಿ, ತಲೆಗೆ ತಲೆ ತಾಗಿಸಿ ಕೂತಿದ್ದರು. ಆ ವಾರ ಮಾರುಕಟ್ಟೆ ನೆಲಕಚ್ಚಿತ್ತು. ಮನೆಯಲ್ಲಿ ಮಾತ್ರ ಮದುವೆಯ ಕಳೆ.

"ಇಂಥ ಬೆಲೆ ಹತ್ತು ವರ್ಷಕ್ಕೊಂದ್ಸಲ ಬರತ್ತೆ," ಎನ್ನುತ್ತಿದ್ದರು ಭಾವ. "ಈಗ ಕೊಳ್ದೇ ಇರೋನು ಮೂರ್ಖ."

"ನಿನ್ನ ಬಾಯಲ್ಲಿ ಮೊದ್ಲನೇ ಸಲ ಒಳ್ಳೆ ಮಾತು ಬಂತು ಅಣ್ಣ. ಚೆಕ್ ದುಡ್ಡಲ್ಲಿ ಅರ್ಧ ನಿನ್ ಥರ ಹಾಕೋಣ. ಅರ್ಧ ನನ್ ಕೈಗೆ ಕೊಡು, ವಾರದಲ್ಲಿ ಮಂಡಿ ದುಡ್ಡು ತೆಗೆದು ಅತ್ತಿಗೆ ಕೈಗೆ ಹಾಕ್ತೀನಿ."

"ಅರ್ಧ ಜಾಸ್ತಿಯಾಯ್ತು. ಕಾಲು ಭಾಗ ತಗೋ."

ಅಕ್ಕ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. "ಆಸ್ಪತ್ರೆಯವ್ರು ಬರೋ ಸೋಮವಾರ ಅಂದಿದ್ದಾರೆ," ಎಂದಳು.

"ಆಸ್ಪತ್ರೆ ಎಲ್ಲಿಗೆ ಓಡಿಹೋಗತ್ತೆ? ಈ ಬೆಲೆ ಓಡಿಹೋಗತ್ತೆ. ಇದು ನಿನ್ನ ಹೆಸರಲ್ಲೇ ಬೆಳೆಯೋದು ಕಣೆ. ಏನಂತೀಯ?" ಎಂದು ಭಾವ ಕೇಳಿದರು. ಕೇಳುವಾಗಲೇ ಹೆಬ್ಬೆರಳು ಫೋನಿನ ಮೇಲಿತ್ತು.

ಅಕ್ಕನ ಬಲಗಾಲು ಮುಂದೆ ಸರಿದು ನೆಲವನ್ನು ಒತ್ತಿತು. ಬಲವಾಗಿ, ಇನ್ನೂ ಬಲವಾಗಿ. ನೋವಿಗೆ ಹಲ್ಲು ಕಚ್ಚಿದಾಗ ತಲೆ ಮುಂದಕ್ಕೆ ಬಾಗಿತು.

"ಹೂಂ ಅಂದ್ಲು," ಎಂದರು ಭಾವ. ಫೋನು ಸಣ್ಣಗೆ ಟಿಣ್ ಎಂದಿತು.

ತಮ್ಮ ಸೋಫಾಕ್ಕೆ ಒರಗಿ, ಬಹಳ ದಿನದ ಮೇಲೆ ಮನೆಯವನಂತೆ ಕಾಲು ಚಾಚಿದ.

"ಅತ್ತಿಗೆ, ಒಂದು ಕಾಫಿ," ಎಂದ. "ಮೇಲಕ್ಕೆ ತರ್ಬೇಡಿ ಪಾಪ, ಕಾಲು ನೋವು ನಿಮ್ಗೆ. ಇವತ್ತು ಇಲ್ಲೇ ಕುಡೀತೀನಿ."