ಏಳು ಕಡುಬಿನ ಮುದುಕಿ

ಆಗ ನಮ್ಮ ಮಸ್ಕಿಯ ಮನೆಗೆ ಪುಸ್ತಕಗಳು ಬರುತ್ತಿದ್ದುದು ತೂಕದ ಮೇಲೆ. ಅಪ್ಪನದು ಕಿರಾಣಿ ಅಂಗಡಿ. ಸಕ್ಕರೆ, ಬೇಳೆ, ಖಾರದಪುಡಿ ಕಟ್ಟಿಕೊಡಲು ರದ್ದಿ ಬೇಕಾಗುತ್ತಿತ್ತು. ಅದನ್ನು ಅಪ್ಪ ಸಿಂಧನೂರಿನಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಬರುತ್ತಿದ್ದ. ಕಾಲುವೆ ನೀರಿನ ಹಿಂದೆಯೇ ಬಂದು ನೆಲೆಸಿದ ಆಂಧ್ರದವರ ಕ್ಯಾಂಪುಗಳ ರದ್ದಿ. ಮುಕ್ಕಾಲು ಪಾಲು ತೆಲುಗು. ಕಟ್ಟು ಬಿಚ್ಚಿದ ಕೂಡಲೇ ನಾನು ಅದರೊಳಗೆ ತಲೆ ಹಾಕಿ ಚಿತ್ರಕಥೆಯ ಪುಸ್ತಕ ಹುಡುಕುತ್ತಿದ್ದೆ. ತಟ್ಟಿನ ಚೀಲ, ಬೆಲ್ಲ, ಚಿಮಣಿ ಎಣ್ಣೆ ಎಲ್ಲ ಕಲೆತ ಆ ವಾಸನೆ ಇವತ್ತು ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ಯಾರದೋ ರುಂಡ ಹಾರುವುದು ಕಾಣುತ್ತದೆ.

ಆ ಪುಸ್ತಕಗಳಲ್ಲಿ ರುಂಡಗಳು ಹಾರುತ್ತಲೇ ಇದ್ದವು. ರಾಜನ ತಲೆ ಕಡಿದರೆ ಅದು ಉರುಳಿಕೊಂಡು ಹೋಗಿ ಎಲೆಯಡಿಕೆ ತಟ್ಟೆಯಲ್ಲಿ ಬಿದ್ದು, ಸುಣ್ಣ ಕಡಿಮೆ ಆಯಿತೆಂದು ರಾಣಿಯ ಮೇಲೆ ಸಿಟ್ಟು ಮಾಡುತ್ತಿತ್ತು. ರಾಕ್ಷಸನ ಕಣ್ಣು ಕಿತ್ತು ಗೋಲಿ ಆಡುತ್ತಿದ್ದರು. ಕಣ್ಣು ಕಳೆದುಕೊಂಡವನೇ ಪಕ್ಕದಲ್ಲಿ ಕುಳಿತು, ಮೋಸ ಆಟ ಎಂದು ತಕರಾರು ಮಾಡುತ್ತಿದ್ದ. ಕೆಂಪು ಮಸಿಯನ್ನು ಎಲ್ಲಿಯೂ ಜಿಪುಣತನ ಮಾಡದೆ ಚೆಲ್ಲಿರುತ್ತಿದ್ದರು. ನನಗೆ ಅದು ಎಷ್ಟು ನೋಡಿದರೂ ಸಾಲದು. ಯಾಕೆ ಎಂದು ಈಗ ಕೇಳಿಕೊಂಡರೆ ತೋಚುವುದು ಇಷ್ಟೇ: ನಮ್ಮ ಮನೆಗಳಲ್ಲಿ ಸಾವು, ರಕ್ತ, ಹೆರಿಗೆಯ ಮಾತು ಬಂದರೆ ದೊಡ್ಡವರು ದನಿ ತಗ್ಗಿಸಿ “ಹೊರಗ ಹೋಗಬೇ” ಅನ್ನುತ್ತಿದ್ದರು. ಪುಸ್ತಕ ಯಾರನ್ನೂ ಹೊರಗೆ ಕಳಿಸುತ್ತಿರಲಿಲ್ಲ. ಕಡಿದರೆ ಕಡಿದದ್ದನ್ನು ತೋರಿಸುತ್ತಿತ್ತು, ಕಡಿಸಿಕೊಂಡವನ ಮಾತನ್ನೂ ಕೇಳಿಸುತ್ತಿತ್ತು.

ಅವನ್ನು ಓದಿ ಹೇಳುತ್ತಿದ್ದವಳು ನನ್ನ ಅಕ್ಕ ಅಮರಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳು. ಸಿಂಧನೂರಿನ ಸೋದರಮಾವನ ಮನೆಯಲ್ಲಿದ್ದು ಓದಿದವಳು. ಕ್ಯಾಂಪಿನ ಹುಡುಗಿಯರ ಗೆಳೆತನದಿಂದ ಅಷ್ಟಿಷ್ಟು ತೆಲುಗು ಕಲಿತಿದ್ದಳು. ಬಾರದ ಕಡೆ ತಾನೇ ಕಟ್ಟಿ ಹೇಳುತ್ತಿದ್ದಳು. ಯಾವುದು ಪುಸ್ತಕದ್ದು, ಯಾವುದು ಅಕ್ಕನದು ಎಂಬ ವಿಚಾರ ನನಗೆ ಬರುತ್ತಲೇ ಇರಲಿಲ್ಲ. ಮುಕ್ಕುಂದಕ್ಕೆ ಅವಳನ್ನು ಮದುವೆ ಮಾಡಿ ಕೊಟ್ಟಮೇಲೆ ಪುಸ್ತಕಗಳು ನನ್ನ ಪಾಲಿಗೆ ಬರೀ ಚಿತ್ರಗಳಾದವು. ಹಾಗಾಗಿ ಆ ಬೇಸಿಗೆಯಲ್ಲಿ ಅವಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ ನನಗಾದ ಸಂತೋಷ ಕೂಸಿನದಲ್ಲ, ಓದುವವಳು ಬಂದಳಲ್ಲ ಎಂಬುದು.

ಬಂದ ವಾರದಲ್ಲೇ ಆ ಪುಸ್ತಕ ಸಿಕ್ಕಿತು. ಹೆಸರು ‘ಏಡು ಕಡುಪುಲ ಮುಸಲಮ್ಮ’. ಕೊನೆಯ ಹಾಳೆ ಹರಿದುಹೋಗಿತ್ತು. ಮೇಲಿನ ಚಿತ್ರದಲ್ಲಿ ಮುದುಕಿಯೊಬ್ಬಳು ಎತ್ತಿನ ಗಾಡಿಯನ್ನು ಎತ್ತುಗಳ ಸಮೇತ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಅಡುಗೆಮನೆಯಿಂದ ಅವ್ವ ಕೇಳಿದಳು: “ಏನಬೇ ಅದು ಪುಸ್ತಕ? ಬಸುರಿ ಹೆಣ್ಮಗಳು ಅಂಥಾವ್ನೆಲ್ಲ ನೋಡಬಾರದು.”

ಅಕ್ಕ ಹೆಸರನ್ನು ಗಟ್ಟಿಯಾಗಿ ಓದಿದಳು. ಅವ್ವನಿಗೆ ತೆಲುಗು ಬಾರದು. ಅವಳ ಕಿವಿಗೆ ಬಿದ್ದದ್ದು ಕಡುಬು.

“ಕಡಬಿನ ಕಥಿ ಏನ? ಏಳು ಕಡಬು ಮಾಡ್ತಾಳೇನ ಮುದಿಕಿ?”

ಅಕ್ಕ ನನ್ನ ತೊಡೆ ಚಿವುಟಿದಳು. “ಹೂಂನಬೇ, ಕಡಬಿಂದ. ಹೂರಣ ತುಂಬಿದ್ದು.”

“ಹಂಗಾರ ಓದು,” ಎಂದಳು ಅವ್ವ. ಮಗಳಿಗೆ ಕಡುಬಿನ ಬಯಕೆಯಾಗಿದೆ, ಬಾಯಿಬಿಟ್ಟು ಹೇಳಲು ನಾಚುತ್ತಾಳೆ ಎಂದುಕೊಂಡು ಮರುದಿನ ಕಡಲೆಬೇಳೆ ನೆನೆಹಾಕಿ ಕಡುಬನ್ನೂ ಮಾಡಿದಳು. ಬಸುರಿಯ ಬಯಕೆಯನ್ನು ನಮ್ಮಲ್ಲಿ ಹಿಂದೆ ಹಾಕುವುದಿಲ್ಲ. ಆ ಬೇಸಿಗೆಯಲ್ಲಿ ಅಕ್ಕ ಪುಸ್ತಕ ತೆಗೆದಾಗಲೆಲ್ಲ ನಮಗೆ ಕಡುಬು ಸಿಗುತ್ತಿತ್ತು.

ಕಡುಪು ಎಂದರೆ ಹೊಟ್ಟೆ. ಮುದುಕಿಗೆ ಏಳು ಹೊಟ್ಟೆ. ಒಂದರಲ್ಲಿ ರುಮಾಲು ಬಿಚ್ಚದೆ ಕುಳಿತ ಗೌಡ, ಒಂದರಲ್ಲಿ ಸಾಲಿಮಾಸ್ತರ, ಒಂದರಲ್ಲಿ ಮದುವೆಗೆ ಹೊರಟು ಗಾಡಿ ಸಮೇತ ಒಳಗಾದ ಮದುಮಗಳು. ಹೀಗೆ ನುಂಗಿಸಿಕೊಂಡವರು ಒಳಗೆ ಚೌಕಾಬಾರ ಆಡುತ್ತ, ಊಟ ತಡವಾಯಿತೆಂದು ಮುದುಕಿಯನ್ನು ಬೈಯುತ್ತಿದ್ದರು. ಒಂದೊಂದು ಹೊಟ್ಟೆಗೂ ಅಕ್ಕ ಒಂದೊಂದು ದನಿ ಕೊಟ್ಟಿದ್ದಳು. ಏಳನೆಯ ಹೊಟ್ಟೆಗೆ ಹೋದವನು ದರ್ಜಿ, ಕತ್ತರಿ ಹಿಡಿದುಕೊಂಡೇ ಹೋಗಿದ್ದ. ಒಳಗಿನಿಂದ ಕತ್ತರಿಸುತ್ತ ಬಂದ. “ಮೆಲ್ಲಕ ಕೊಯ್ಯೋ ತಮ್ಮಾ, ಕಚಗುಳಿ ಆಗತೈತಿ” ಎಂದು ಮುದುಕಿ ನಗುತ್ತಿದ್ದಳು. ಎಲ್ಲರೂ ಅರಿವೆ ಕೊಡವಿಕೊಂಡು ಹೊರಗೆ ಬಂದರು. ದರ್ಜಿಯೊಬ್ಬನೇ ನಿಂತ. ಕತ್ತರಿಸಿದ ಅರಿವೆಯನ್ನು ಹಾಗೇ ಬಿಟ್ಟು ಹೋಗುವುದು ಅವನಿಗೆ ಗೊತ್ತಿಲ್ಲ. ಕೆಂಪು ದಾರ ಪೋಣಿಸಿ ಹೊಲಿಯಲು ಕುಳಿತ. ಅಲ್ಲಿಗೆ ಹಾಳೆ ಹರಿದಿತ್ತು.

“ಮುದಿಕಿ ಸಾಯ್ತಾಳೇನ?” ಎಂದೆ ನಾನು. ಸಾಯಲಿ ಎಂದೇ ನನ್ನ ಆಸೆ.

“ಯಾಕ ಸಾಯ್ತಾಳ? ಹೊಲಿದ ಮ್ಯಾಲ ಎದ್ದು ಕುಂದರ್ತಾಳ. ಕುಂತು ರೊಟ್ಟಿ ಕೇಳ್ತಾಳ. ಏಳು ಹೊಟ್ಟಿ ಖಾಲಿ ಆಗ್ಯಾವ, ಹಸಿವು ಆಗಂಗಿಲ್ಲೇನ?”

ಮಧ್ಯಾಹ್ನ ಅವ್ವ ಅಡ್ಡಾದಾಗ ನಾವು ಅದನ್ನೇ ಆಡುತ್ತಿದ್ದೆವು. ಕೌದಿಯೇ ಹೊಟ್ಟೆ. ಓಣಿಯ ಹುಡುಗರೆಲ್ಲ ಅದರಡಿ ತೂರಿ ಉಸಿರುಗಟ್ಟಿ ನಗುತ್ತಿದ್ದೆವು. ಅಕ್ಕ ಬೆರಳುಗಳನ್ನೇ ಕತ್ತರಿ ಮಾಡಿಕೊಂಡು ಬರುತ್ತಿದ್ದಳು. ಆಟ ಮುಗಿದಮೇಲೆ ಒಮ್ಮೊಮ್ಮೆ ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟು, “ನೋಡಬೇ ಶರಣಿ, ಒಳಗ ಯಾರೋ ಚೌಕಾಬಾರ ಆಡಾಕತ್ತಾರ,” ಅನ್ನುತ್ತಿದ್ದಳು. ಒಳಗಿನಿಂದ ಒದ್ದದ್ದು ನನ್ನ ಅಂಗೈಗೆ ತಾಕುತ್ತಿತ್ತು.

ಬಸುರಿಗೆ ಹಸಿರು ಉಡಿಸುವ ಕುಬಸದ ದಿನ ಕಡುಬಿನ ಗುಟ್ಟು ಬಯಲಾಯಿತು. ಮುಕ್ಕುಂದದಿಂದ ಅಕ್ಕನ ಅತ್ತೆ ಹಸಿರು ಸೀರೆ, ಬಳೆ, ಬುತ್ತಿ ತಂದಿದ್ದರು. ಅವರು ಹೊಳೆಯಾಚೆಯ ಆಂಧ್ರದ ಬಳಗದವರು, ತೆಲುಗು ಮನೆಮಾತಿನಷ್ಟೇ ಬರುತ್ತಿತ್ತು. ಹಾಸಿಗೆಯ ಸುರುಳಿಯಲ್ಲಿದ್ದ ಪುಸ್ತಕ ಅವರ ಕೈಗೆ ಸಿಕ್ಕಿತು.

“ಕಡಬಿನ ಕಥೀರಿ ಅದು,” ಎಂದಳು ಅವ್ವ ನಗುತ್ತ.

“ಕಡುಪು ಅಂದ್ರ ಕಡಬಲ್ಲ ಬೀಗತಿ. ಹೊಟ್ಟಿ. ಬಸುರು.” ದರ್ಜಿ ಕೊಯ್ಯುವ ಚಿತ್ರವನ್ನು ಅವ್ವನ ಮುಖಕ್ಕೆ ಹಿಡಿದರು. “ಹೊಟ್ಟಿ ಕೊಯ್ಯಾದು ತೋರ್ಸಾಕತ್ತೀರೇನು ನನ್ನ ಸೊಸಿಗೆ?”

ಅವ್ವ ಅವರ ಕೈಯಿಂದ ಅದನ್ನು ಕಿತ್ತುಕೊಂಡಳು. ಪುಸ್ತಕವನ್ನು ತಾನೇ ಹಂಡೆಯ ಒಲೆಗೆ ಹಾಕಿದಳು. ಅಂದಿನಿಂದ ಅಕ್ಕನ ಎದುರು ಈಳಿಗೆ ತರುವಂತಿಲ್ಲ, ಕೊಯ್ಯು ಎಂಬ ಮಾತೇ ಮನೆಯಲ್ಲಿ ಆಡುವಂತಿಲ್ಲ. ಅಕ್ಕ ಮಾತ್ರ ನನ್ನ ತಲೆ ಬಾಚುವಾಗ ಕಿವಿಯಲ್ಲಿ ಕಥೆ ಮುಂದುವರಿಸುತ್ತಿದ್ದಳು. “ಸುಟ್ರ ಸುಡಲಿ. ನನಗ ಬಾಯಿಪಾಠ ಆಗೇತಿ,” ಎನ್ನುತ್ತಿದ್ದಳು.

ಕಾರಹುಣ್ಣಿಮೆಯ ಹಿಂದಿನ ದಿನ ಬೆಳಗ್ಗೆ ಬೇನೆ ಶುರುವಾಯಿತು. ಸೂಲಗಿತ್ತಿ ನೋಡಿ ಕೈಚೆಲ್ಲಿದಳು. ಜೀಪು ಮಾಡಿಸಿ ಲಿಂಗಸುಗೂರಿಗೆ ಒಯ್ದರು. ಅಕ್ಕ ನನ್ನ ಕೈ ಬಿಡಲಿಲ್ಲವಾದ್ದರಿಂದ ನನ್ನನ್ನೂ ಹತ್ತಿಸಿಕೊಂಡರು.

ಅಲ್ಲಿನ ಡಾಕ್ಟರಮ್ಮ ಹೊರಗೆ ಬಂದು ಅಪ್ಪನಿಗೆ ಹೇಳಿದರು: “ಕೂಸು ಅಡ್ಡ ಬಿದ್ದೈತಿ. ಈಗಿಂದೀಗ ಹೊಟ್ಟಿ ಕೊಯ್ದು ತೆಗೀಬೇಕು. ತಡ ಮಾಡಿದ್ರ ಇಬ್ಬರೂ ಉಳಿಯಂಗಿಲ್ಲ. ಸಹಿ ಹಾಕ್ರಿ.”

“ಕೊಟ್ಟ ಮಗಳು ರೀ,” ಎಂದ ಅಪ್ಪ. “ಬೀಗರಿಗೆ ಹೇಳಿ ಕಳಿಸೇವಿ. ಅವರು ಬರಲಿ.”

ಬೀಗರು ಮಧ್ಯಾಹ್ನ ಇಳಿಬಿಸಿಲಿಗೆ ಬಂದರು. ಭಾವ ಗೋಡೆಗೆ ಒರಗಿ ನಿಂತುಬಿಟ್ಟ. ಮಾತು ಅವನ ತಾಯಿಯದು. “ಆ ಪುಸ್ತಕ ನೋಡಿದ ದಿನಾನ ನನ್ನ ಎದಿ ಒಡೆದಿತ್ತು. ಅದರಾಗಿದ್ದದ್ದ ಇಲ್ಲಿ ಬಂತು ನೋಡ್ರಿ. ಕೊಯ್ಯಾದು ಬ್ಯಾಡ. ಗುರುಗುಂಟಾದ ಅಮರಪ್ಪ ದೇವರ ಮ್ಯಾಲ ಭಾರ ಹಾಕ್ರಿ.”

ಒಳಗಿನಿಂದ ಅಕ್ಕನ ದನಿ ಬಂತು. ನೋವಿನಲ್ಲೂ ಸ್ಪಷ್ಟವಾಗಿತ್ತು. “ಕೊಯ್ರಿ. ಹೊಲಿತಾರ, ಏನಾಗಂಗಿಲ್ಲ. ಅವ್ವಾ, ನೀನಾರ ಹೇಳು.”

ಬೇನೆಯಲ್ಲಿ ಬಡಬಡಿಸುತ್ತಾಳೆ ಎಂದರು. ಅವ್ವ ಅಪ್ಪನ ಮುಖ ನೋಡಿದಳು, ಅಪ್ಪ ನೆಲ ನೋಡಿದ. ಡಾಕ್ಟರಮ್ಮ ಎರಡು ಸಲ ಹೊರಗೆ ಬಂದು ಬೈದು ಹೋದರು. ಮೂರನೆಯ ಸಲ ಬಂದಾಗ ಬೈಯಲಿಲ್ಲ.

ಅಕ್ಕನನ್ನು ಅದೇ ಜೀಪಿನಲ್ಲಿ ಮಸ್ಕಿಗೆ ತಂದರು. ಕೂಸು ಹೊಟ್ಟೆಯಲ್ಲೇ ಇತ್ತು. ಮರುದಿನ ಬೆಳಗ್ಗೆ ಓಣಿಯಲ್ಲಿ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ಹಿರಿಯರು ಕುಳಿತು, ಎರಡು ಜೀವ ಒಂದೇ ದೇಹದಲ್ಲಿ ಮಣ್ಣಿಗೆ ಹೋಗಬಾರದು ಎಂದರು. ಅಕ್ಕನ ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದರು. ಅಳುತ್ತಲೇ, “ಹಂಗ ಕಳಿಸಬ್ಯಾಡ್ರಿ, ಕೂಸು ಬ್ಯಾರಿ ಮಾಡ್ರಿ,” ಎಂದರು. ನಿನ್ನೆ ಬೇಡ ಎಂದದ್ದೂ ಅದೇ ಬಾಯಿ. ಅವರ ಅಳು ಸುಳ್ಳಾಗಿರಲಿಲ್ಲ, ಅದು ನನಗೆ ಗೊತ್ತು. ಆದರೂ ಆ ಮಾತನ್ನು ನಾನು ಇಂದಿನವರೆಗೆ ಕ್ಷಮಿಸಿಲ್ಲ.

ಯಾರನ್ನೋ ಕರೆಸಿದರು. ಹಿಂದಿನ ಕೋಣೆಗೆ ಕೌದಿ ಅಡ್ಡ ಕಟ್ಟಿದರು, ನಾವು ಆಟಕ್ಕೆ ಹೊದೆಯುತ್ತಿದ್ದ ಅದೇ ಕೌದಿ. ನನ್ನನ್ನು “ಹೊರಗ ಹೋಗಬೇ” ಎಂದು ಪಕ್ಕದ ಮನೆಗೆ ಅಟ್ಟಿದರು. ಅಲ್ಲಿ ಹೆಂಗಸರು ದನಿ ತಗ್ಗಿಸಿ ಮಾತಾಡುತ್ತಿದ್ದರು.

“ಗಂಡು ಇತ್ತಂತ.”

“ಹೊಟ್ಟಿ ಹೊಲ್ದಾರೇನ?”

“ಹೂಂ, ಹೊಲ್ದಾರಂತ.”

ಹೊಲ್ದಾರ ಎಂಬ ಆ ಒಂದು ಮಾತಿಗೆ ನಾನು ಎದ್ದು ಓಡಿದೆ. ಮನೆಯ ಬಾಗಿಲಲ್ಲಿ ಜನ. ಅವರ ಕಾಲ ನಡುವೆ ತೂರಿಕೊಂಡು ಹೋಗಿ ನೋಡಿದರೆ, ಅಕ್ಕ ಎದ್ದು ಕುಳಿತಿದ್ದಳು.

ನಮ್ಮವರಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಅಜ್ಜನನ್ನು, ನಮ್ಮ ಮುತ್ಯಾನನ್ನು, ಹಾಗೆ ಕೂಡಿಸಿದ್ದನ್ನು ನೋಡಿದ್ದೆ. ಆದರೆ ಮುತ್ಯಾನ ಹೊಟ್ಟೆಯನ್ನು ಯಾರೂ ಕೊಯ್ದಿರಲಿಲ್ಲ, ಹೊಲಿದಿರಲಿಲ್ಲ. ಅಕ್ಕ ಹಣೆತುಂಬ ವಿಭೂತಿ ಹಚ್ಚಿಕೊಂಡು, ಕುಬಸದ ಹಸಿರು ಸೀರೆ ಉಟ್ಟು, ಹೇಳಿದ ಮಾತಿನಂತೆ ಕುಳಿತಿದ್ದಳು. ಅಡುಗೆಮನೆಗೆ ಹೋಗಿ ಬುಟ್ಟಿಯಿಂದ ಜೋಳದ ರೊಟ್ಟಿ ತಂದೆ. ಎರಡು ದಿನದ ಹಿಂದಿನದು, ಒಣಗಿ ಸೆಟೆದಿತ್ತು. ಅದನ್ನು ಅಕ್ಕನ ಮುಂದೆ ಹಿಡಿದು ನಿಂತೆ.

ಭಜನೆ ನಿಂತಿತು. ಯಾರೋ ನನ್ನ ರಟ್ಟೆ ಹಿಡಿದು ಎಳೆದರು.

“ಹೊಲ್ದಾರಲ್ಲ,” ಎಂದೆ ನಾನು. “ಕೇಳ್ತಾಳ ತಡೀರಿ. ಹೊಲಿದ ಮ್ಯಾಲ ರೊಟ್ಟಿ ಕೇಳ್ತಾರಂತ, ಆಕಿನ ಹೇಳ್ಯಾಳ.”

ಅವ್ವ ಎದ್ದು ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ರೊಟ್ಟಿ ತೆಗೆದುಕೊಂಡು ಒಂದು ತುಣುಕು ಮುರಿದಳು. ಅಕ್ಕನ ಬಾಯಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಆ ತುಣುಕನ್ನು ನನ್ನ ಬಾಯಿಗಿಟ್ಟಳು. “ನೀ ತಿನ್ನಬೇ,” ಎಂದಳು. ನಾನು ಎಲ್ಲರ ಎದುರು ಅದನ್ನು ಅಗಿದು ನುಂಗಿದೆ. ಹಸಿವಾಗಿತ್ತು.

ಪುಸ್ತಕವೇ ಅಕ್ಕನನ್ನು ತಿಂದುಕೊಂಡಿತು ಎಂದು ಊರು ಆಡಿತು. ಪುಸ್ತಕ ಹುಡುಕಿ ಕೊಟ್ಟ ನನ್ನನ್ನೂ ಆ ಮಾತಿನಲ್ಲಿ ಸೇರಿಸಿದರು. ಅಪ್ಪ ಆಮೇಲೆ ರದ್ದಿಯ ಕಟ್ಟನ್ನು ಮನೆಗೆ ತರದೆ ಅಂಗಡಿಯಲ್ಲೇ ಬಿಚ್ಚತೊಡಗಿದ. ಊರಿನ ಆ ಮಾತನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಅಕ್ಕನಿಗೆ ಧೈರ್ಯ ಹೇಳಿದ್ದು ಆ ಪುಸ್ತಕವೊಂದೇ. ನಾವೋ ಅದನ್ನು ನೀರು ಕಾಯಿಸಲು ಉರಿಸಿದೆವು.

ತೊಂಬತ್ತರ ದಶಕದ ಕೊನೆಗೆ ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಹೆರಿಗೆಯೂ ಕಷ್ಟಕ್ಕೆ ಬಂತು. ಗಂಡನ ಮನೆಯವರು ಬರಲಿ ಎಂದು ಯಾರೋ ಅಂದರಂತೆ. ಅವ್ವ, “ಬಂದು ಕೂಸು ನೋಡಲಿ,” ಎಂದು ಹೇಳಿ, ಕೇಳುವ ಮೊದಲೇ ಕೊಯ್ಯುವ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳಂತೆ. ನನಗೆ ಎಚ್ಚರವಾದಾಗ ಪಕ್ಕದಲ್ಲಿ ಮಗಳು ಅಳುತ್ತಿದ್ದಳು. ಬಾಯಿ ಒಣಗಿತ್ತು. ನಾನು ಮೊದಲು ಕೇಳಿದ್ದು ಮಗುವನ್ನಲ್ಲ, ನೀರನ್ನೂ ಅಲ್ಲ.

“ಅವ್ವಾ, ರೊಟ್ಟಿ.”

ನರ್ಸಮ್ಮ ನಕ್ಕು, ಇವತ್ತು ಗುಟುಕು ನೀರಷ್ಟೇ ಎಂದರು. ಅವ್ವ ನಗಲಿಲ್ಲ. ಅಕ್ಕ ಹೋದಮೇಲೆ ಅವಳ ಮಾತನ್ನೇ ಮನೆಯಲ್ಲಿ ಎತ್ತದವಳು ಸೆರಗಿನಿಂದ ನನ್ನ ಬೆವರು ಒರೆಸುತ್ತ, “ಅವತ್ತ ಸಹಿ ಹಾಕಿದ್ರ ಆಕಿನೂ ಕೇಳ್ತಿದ್ಲು,” ಎಂದಳು.

ನನ್ನ ಮಗಳಿಗೆ ಕೊಡಿಸಿದ ಪುಸ್ತಕಗಳಲ್ಲಿ ತೋಳ ತಪ್ಪಾಯಿತು ಎಂದು ಕೇಳಿಕೊಳ್ಳುತ್ತದೆ, ರಾಕ್ಷಸ ಶಾಲೆಗೆ ಸೇರುತ್ತಾನೆ. ಯಾರಿಗೂ ಸೂಜಿ ಸಹ ಚುಚ್ಚುವುದಿಲ್ಲ. ಅವಳು ಎರಡು ಹಾಳೆ ತಿರುವಿ ಮಡಚಿಡುತ್ತಿದ್ದಳು. “ಆ ಹೊಟ್ಟಿ ಕೊಯ್ಯೂದು ಹೇಳು” ಎಂದು ನನ್ನ ಮಗ್ಗುಲಿಗೆ ಬಂದು ಬೀಳುತ್ತಿದ್ದಳು. ಹೇಳುತ್ತಿದ್ದೆ. ಗೌಡನ ದನಿ, ಮಾಸ್ತರನ ದನಿ, ಮದುಮಗಳ ಅಳುಬುರುಕು ದನಿ ಅಕ್ಕ ಕೊಟ್ಟಂತೆಯೇ ಬರುತ್ತಿದ್ದವು. ನಾಲ್ಕನೆಯ ಹೊಟ್ಟೆಗೆ ಬಂದಾಗ ಅಲ್ಲಿ ಯಾರಿದ್ದರು ಎಂಬುದೇ ನೆನಪಾಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಎಲ್ಲರೂ ನನ್ನ ದನಿಯಲ್ಲೇ ಮಾತಾಡುತ್ತಿದ್ದರು.