ಏಳಬೇಡಿ ಅಂದಿದ್ದ ಲೈಬ್ರರಿ ಮೇಡಂ

ನಮ್ಮ ಲೈಬ್ರರಿ ಮೇಡಂ ಅವರ ಬಲಗೈ ಹೆಬ್ಬೆರಳು ಸದಾ ನೀಲಿ. ತಾರೀಖಿನ ಮೊಹರು ಒತ್ತಿ ಒತ್ತಿ ಹಿಡಿದ ಬಣ್ಣ. ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಪುಸ್ತಕ ಕೊಡುವಾಗ, "ಓದಿ ಹಾಳು ಮಾಡ್ರೋ, ಪರವಾಗಿಲ್ಲ. ಓದದೆ ಹಾಳಾದ್ರೆ ಮಾತ್ರ ನಂಗೆ ಸಿಟ್ಟು ಬರುತ್ತೆ" ಅನ್ನುತ್ತಿದ್ದರು. ಆ ಸಿಟ್ಟು ಎಂಥದೆಂದು ನಾನು ಕಂಡಿದ್ದೇನೆ. ಈಗ ಅದು ನನ್ನದೂ ಹೌದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಅರಸೀಕೆರೆಯ ನಮ್ಮ ಸ್ನಾತಕೋತ್ತರ ಕೇಂದ್ರಕ್ಕೆ ವಿಶ್ವವಿದ್ಯಾಲಯ ಕಂಪ್ಯೂಟರುಗಳನ್ನೂ, ಅವುಗಳಲ್ಲಿ ಮಾತ್ರ ತೆರೆಯುವ ಸಾವಿರಾರು ಇ-ಪುಸ್ತಕಗಳನ್ನೂ ಕೊಟ್ಟಿತು. ಹಾರನಹಳ್ಳಿಯಿಂದ ಟೆಂಪೋದಲ್ಲಿ ನೇತಾಡಿಕೊಂಡು ಬರುತ್ತಿದ್ದ ನಾನು ಬಸ್ತಿಹಳ್ಳಿಯ ಬಸದಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಅದಕ್ಕೆ ಬೇಕಾಗಿದ್ದ ಪುಸ್ತಕ ನಮ್ಮ ಕಪಾಟಿನಲ್ಲಿರಲಿಲ್ಲ, ಆ ಕಂಪ್ಯೂಟರಿನಲ್ಲಿತ್ತು. ಅದನ್ನು ಓದದೆ ಪ್ರಬಂಧ ಒಪ್ಪಿಸುವಂತಿರಲಿಲ್ಲ.

ನಮ್ಮ ಡೈರೆಕ್ಟರ್ ಸಾಹೇಬರು ಮಾಡಿದ್ದೇನು ಗೊತ್ತೇ? ಆಯುಧಪೂಜೆಯ ದಿನ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ, ಹೂವು ಮುಡಿಸಿ, ಪ್ಲಾಸ್ಟಿಕ್ ಹೊದಿಸಿ, ಕೋಣೆಗೆ ಬೀಗ ಜಡಿದು ಬೀಗದಕೈಯನ್ನು ಜೇಬಿಗೆ ಹಾಕಿಕೊಂಡರು.

"ಹುಡುಗ್ರು ಮುಟ್ಟಿದ್ರೆ ಕೆಡ್ತವೆ ಮೇಡಂ. ನಾಳೆ ಯೂನಿವರ್ಸಿಟಿ ಕಮಿಟಿ ತಪಾಸಣೆಗೆ ಬಂದ್ರೆ ಏನ್ ತೋರಿಸ್ಲಿ?"

"ಓದೋರನ್ನ ತೋರಿಸಿ ಸಾರ್," ಅಂದರು ಮೇಡಂ. ಬೀಗದಕೈ ಸಿಗಲಿಲ್ಲ.

ಅರೇಹಳ್ಳಿಯ ನನ್ನ ಗೆಳೆಯ ಕಿಟಕಿಯಲ್ಲಿ ಇಣುಕಿ, "ಪೂಜೆ ಆಯ್ತು ಕಣ್ಲಾ, ಪ್ರಸಾದ ಯಾವಾಗ ಕೊಡ್ತಾರಂತೆ?" ಎಂದು ನಕ್ಕ. ಮೇಡಂ ನಗಲಿಲ್ಲ.

ಕಮಿಟಿ ಬಂದ ದಿನ ಬೀಗ ತೆಗೆದರು. ಹುಡುಗರನ್ನು ಓದುವವರಂತೆ ಕಂಪ್ಯೂಟರುಗಳ ಮುಂದೆ ಕೂರಿಸಿ ಎಂದು ಮೇಡಂಗೆ ಅಪ್ಪಣೆಯಾಯಿತು. ಅವರು ಬಂದು ಮೆಲ್ಲಗೆ, "ಕೂತ್ಕೊಳ್ರೋ. ಆಮೇಲೆ ಯಾರು ಹೇಳಿದ್ರೂ ಏಳ್ಬೇಡಿ" ಅಂದರು.

ಕಮಿಟಿಯವರು ಹೊಗಳಿ, ಪಕ್ಕದ ಹಾಲಿಗೆ ಊಟಕ್ಕೆ ಹೋದರು. ಡೈರೆಕ್ಟರ್ ಬೀಗ ಹಿಡಿದು ಬಂದು, "ಏಳ್ರಯ್ಯಾ, ಮುಗೀತು" ಅಂದರು. ಯಾರೂ ಏಳಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಮೇಡಂ, "ಓದ್ತಿದ್ದಾರೆ ಸಾರ್. ಕಮಿಟಿಯೋರು ಇನ್ನೂ ಪಾಯಸದಲ್ಲಿದ್ದಾರೆ, ಕೂಗಾಡ್ಬೇಡಿ, ಕೇಳಿಸುತ್ತೆ" ಅಂದರು. ಸಂಜೆಯವರೆಗೂ ನಾನು ಆ ಪುಸ್ತಕದಿಂದ ಕೈ ನೋಯುವಷ್ಟು ಬರೆದುಕೊಂಡೆ. ನನ್ನ ಪ್ರಬಂಧ, ಆಮೇಲೆ ಸಿಕ್ಕ ಮೇಷ್ಟರ ಕೆಲಸ, ಎಲ್ಲ ಆ ಮಧ್ಯಾಹ್ನದ ಋಣ.

ಮರುದಿನ ಮತ್ತೆ ಬೀಗ. ವರ್ಷ ಕಳೆಯಿತು, ಅರಸೀಕೆರೆಯಲ್ಲಿ ಇ-ಪುಸ್ತಕಗಳನ್ನು ಯಾರೂ ತೆರೆಯುವುದೇ ಇಲ್ಲವೆಂದು ವಿಶ್ವವಿದ್ಯಾಲಯ ಅವನ್ನು ನಿಲ್ಲಿಸಿಬಿಟ್ಟಿತು. ಇಲ್ಲಿನ ಮಕ್ಕಳಿಗೆ ಓದುವ ಹವ್ಯಾಸವಿಲ್ಲವಂತೆ. ಹಾಗೆಂದು ಹೇಳಿ ಕಳಿಸಿದವರು ಬೀಗ ಹಾಕಿದವರೇ.

"ಉಣ್ಣೋಕೆ ಬಿಡದೆ ಹಸಿವೇ ಇಲ್ಲ ಅಂದ್ಬಿಟ್ರಲ್ಲೋ," ಎಂದ ಮೇಡಂ ಕೈಯಲ್ಲಿದ್ದ ಮೊಹರನ್ನು ಮೇಜಿಗೆ ಕುಕ್ಕಿದರು.

ಕೆಲವು ವರ್ಷಗಳ ಮೇಲೆ ನಿವೃತ್ತರಾಗಿ ಬೇಲೂರಿಗೆ ಹೋದ ಮೇಡಂ ಅಲ್ಲೇ ತೀರಿಕೊಂಡರು. ನಮ್ಮ ಕೇಂದ್ರದಲ್ಲಿ ಸಂತಾಪ ಸಭೆ. ಅದೇ ಡೈರೆಕ್ಟರ್ ಮೈಕಿನ ಮುಂದೆ, "ನಮ್ಮ ಇ-ಗ್ರಂಥಾಲಯವನ್ನು ನಾನೂ ಮೇಡಮ್ಮೂ ಸೇರಿ ಬೆಳೆಸಿದೆವು" ಅಂದರು. ಆಮೇಲೆ ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕೆಂದರು. ಸಭೆ ಎದ್ದಿತು. ಪಕ್ಕದವರು ಭುಜ ತಟ್ಟಿ, "ಏಳ್ರೀ ಮೇಷ್ಟ್ರೇ" ಅಂದರು.

ನಾನು ಏಳಲಿಲ್ಲ.