ಎರಡು ಸಲ ಅಳೆಯುವ ಟೈಲರ್

ನನ್ನ ಟೈಲರ್ ಮಾವನಿಗೆ ಈಚೆಗೆ ಕನಸಿನೊಳಗೇ ಎಚ್ಚರವಾಗಿರುವುದನ್ನು ಕಲಿಯುವ ಹುಚ್ಚು ಹಿಡಿದಿದೆ. ಕನಸಿನಲ್ಲಿ ಯಾವುದೇ ಅಂಕಿಯನ್ನು ಎರಡನೇ ಸಲ ನೋಡಿದರೆ ಬದಲಾಗಿರುತ್ತದಂತೆ. ಆಗ ಇದು ಕನಸೆಂದು ತಿಳಿದು, ಬೇಕಾದ್ದು ಮಾಡಬಹುದಂತೆ. ಅದರ ಅಭ್ಯಾಸಕ್ಕೆಂದು ಹಗಲೆಲ್ಲ ಟೇಪನ್ನು ಎರಡೆರಡು ಸಲ ಓದುತ್ತಾನೆ. ಮೂವತ್ತು ವರ್ಷ ಕಣ್ಣಳತೆಯಲ್ಲೇ ಕತ್ತರಿಸಿ ಬಿಗಿ ಅಂಗಿಯಿಂದ ಊರವರ ಕಂಕುಳು ಕೆಂಪಾಗಿಸಿದವನು ಹೊಲಿದ ಬಟ್ಟೆ ಈಗ ಮೈಗೆ ಸರಿಯಾಗಿ ಕೂರುತ್ತಿರುವುದು ಹೀಗೆ. "ಸೊಂಟ ಮೂವತ್ತೆಂಟು" ಎಂದವನು ಮತ್ತೆ ನೋಡಿ, "ಛೆ, ಮೂವತ್ತೆಂಟೇ!" ಎಂದು ಮುಖ ಸಣ್ಣದು ಮಾಡುತ್ತಾನೆ, ಗಿರಾಕಿ ನಾಚಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ. ಕನಸು ಬರೆದಿಡುವುದೂ ಅಳತೆಯ ಪುಸ್ತಕದಲ್ಲೇ. ಮೇಷ್ಟರ ಪ್ಯಾಂಟಿನ ಅಳತೆಯ ಕೆಳಗೆ "ಹಾರಿದೆ, ಬಿದ್ದೆ" ಎಂದಿದೆ. ಮೊನ್ನೆ ಬೆಳಗ್ಗೆ ಎದ್ದವನೇ ಅಡುಗೆಮನೆಗೆ ಓಡಿ ಬಂದು ಅತ್ತೆಗೆ ಹೇಳಿದ: "ಲೇ, ಕನಸಲ್ಲಿ ಅಂಕಿ ಬದಲಾಯ್ತು ಕಣೇ! ಏನು ಬೇಕಾದ್ರೂ ಮಾಡಬಹುದಿತ್ತು. ಹನ್ನೊಂದು ವರ್ಷದಿಂದ ಹೊಲಿಯದೆ ಬಿದ್ದಿದೆಯಲ್ಲ ನಿನ್ನ ರವಿಕೆ ಬಟ್ಟೆ, ಅದನ್ನ ಹೊಲಿಯೋಣ ಅಂತ ಕೂತೆ." "ಹೊಲಿದ್ರಾ?" "ಎಲ್ಲಿ? ನಿನ್ನ ಅಳತೆಯೇ ಗೊತ್ತಿರಲಿಲ್ಲ." ಅತ್ತೆ ಒಲೆ ಆರಿಸಿ, ಕೈ ಒರೆಸಿಕೊಂಡು, ತೋಳು ಅಗಲಿಸಿ ನಿಂತಳು. ಮಾವ ಟೇಪನ್ನು ಎರಡು ಸಲ ಓದಿದ. ಅಂಕಿ ಬದಲಾಗಲಿಲ್ಲ. ಈ ಸಲ ಮಾತ್ರ "ಛೆ" ಎನ್ನಲಿಲ್ಲ.